ನಮ್ಮ ಯಜಮಾನರ ಸಿಸ್ಟರ್ ಭಕ್ತಿ

ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು. ಕೃಷ್ಣರಾಜಪೇಟೆಯಲ್ಲಿ ಎಲ್ಲಿ ನಿಂತರೂ "ನಮಸ್ಕಾರ ಮಿಸ್" ಎನ್ನುವವರು ಇಬ್ಬರಾದರೂ ಸಿಗುತ್ತಾರೆ. ಅವರ್ಯಾರಿಗೂ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ: ನಾನು ಮುಖವನ್ನೇ ನೋಡಿರದ ಒಬ್ಬ ನರ್ಸಿನ ಮೇಲೆ ತಿಂಗಳುಗಟ್ಟಲೆ ಹೊಟ್ಟೆ ಉರಿದುಕೊಂಡಿದ್ದೇನೆ.

ನಮ್ಮ ಯಜಮಾನರಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ನಾಲ್ಕು ಹಸು, ಎರಡೆಕರೆ ಕಬ್ಬು, ಇದಿಷ್ಟು ಅವರ ಪ್ರಪಂಚ. ಅದರಲ್ಲಿ ಪಥ್ಯಕ್ಕೆ ಜಾಗವೇ ಇರಲಿಲ್ಲ. ಒಂದು ಮುದ್ದೆ ಸಾಕು ಎಂದರೆ, "ಸುಮ್ಕಿರಮ್ಮಿ, ರಾಗಿ ತಿಂದು ಸತ್ತೋರು ಯಾರವ್ರೆ?" ಎನ್ನುವರು. ಬೆಲ್ಲದ ಡಬ್ಬ ಬಚ್ಚಿಟ್ಟರೆ, "ಬೆಲ್ಲ ನಮ್ ಗದ್ದೇದೇ ಕಣಮ್ಮಿ, ನಂಗೇನ್ ಮಾಡೀತು?" ಎಂದು ನಗುವರು. ಕೊನೆಗೆ ಕಾಲಿನ ಹೆಬ್ಬೆರಳಲ್ಲಿ ಆದ ಗಾಯ ಎರಡು ತಿಂಗಳಾದರೂ ಒಣಗಲಿಲ್ಲ. ಬೆರಳು ಉಳಿಯುವುದು ಅನುಮಾನ ಎಂದುಬಿಟ್ಟರು ಮೈಸೂರಿನ ಡಾಕ್ಟರು.

ಆಸ್ಪತ್ರೆಯವರು ಅವರ ತೋಳಿಗೆ ರೂಪಾಯಿ ಬಿಲ್ಲೆಯಷ್ಟಗಲದ ಬಿಳಿ ಗುಂಡಿಯೊಂದನ್ನು ಅಂಟಿಸಿ ಕಳಿಸಿದ್ದರು. ಮೈಯೊಳಗಿನ ಸಕ್ಕರೆ ಏರಿದ್ದು ಇಳಿದದ್ದೆಲ್ಲ ಅದು ಮೊಬೈಲಿಗೆ ಹೇಳುತ್ತದೆ, ಮೊಬೈಲು ಆಸ್ಪತ್ರೆಗೆ ಹೇಳುತ್ತದೆ. ಅಲ್ಲಿ ಅದನ್ನು ನೋಡುವವಳು ಸವಿತಾ ಎಂಬ ನರ್ಸು. ಬೆಳಿಗ್ಗೆ ಎಂಟಕ್ಕೆ ಅವಳ ಫೋನು.

ಮೊದಲ ದಿನ ಅವಳು ಹೇಳಿದ್ದಿಷ್ಟೇ: "ಸರ್, ರಾತ್ರಿಗೆ ಅರ್ಧ ಮುದ್ದೆ ಸಾಕಲ್ವಾ?"

"ಆಯ್ತು ಸಿಸ್ಟರ್," ಎಂದರು ಇವರು. ಆಯಿತು! ಹನ್ನೆರಡು ವರ್ಷ ನನ್ನ ಗಂಟಲು ಒಣಗಿದ್ದು ಯಾವ ಲೆಕ್ಕಕ್ಕೂ ಇಲ್ಲ. ಅಂದಿನಿಂದ ಅರ್ಧ ಮುದ್ದೆ, ಬಟ್ಟಲು ತುಂಬ ಸೊಪ್ಪು, ಊಟವಾದ ಮೇಲೆ ಅಂಗಳದಲ್ಲಿ ಇಪ್ಪತ್ತು ಸುತ್ತು. ಎಂಟು ಗಂಟೆಯೊಳಗೆ ಸ್ನಾನ ಮುಗಿಸಿ, ಒಗೆದ ಶರ್ಟು ಹಾಕಿ ಫೋನಿನ ಮುಂದೆ ಕೂರುವುದು ಬೇರೆ. "ಅವಳಿಗೆ ಶರ್ಟು ಕಾಣಲ್ಲ ರೀ," ಎಂದೆ. "ಮರ್ವಾದೆ ಕಣಮ್ಮಿ," ಎಂದರು. ನನ್ನ ಅಣ್ಣನ ಮಗಳ ಮದುವೆಗೆ ಈ ಮಹಾರಾಯರು ಬಂದದ್ದು ಹಾಲು ಕರೆದ ಬನಿಯನ್ನಿನಲ್ಲಿ.

ಗಾಯ ಒಣಗತೊಡಗಿತು. ನನಗೆ ಸಂತೋಷವಾಯಿತು, ದೇವರಾಣೆಗೂ ಆಯಿತು. ಜೊತೆಗೆ ಹೊಟ್ಟೆಯೂ ಉರಿಯಿತು. ಒಂದು ಶನಿವಾರ ಮಧ್ಯಾಹ್ನ ಬುದ್ಧಿ ಕೆಟ್ಟು, ಅವರಿಗೆ ಪ್ರಾಣವಾದ ಕಜ್ಜಾಯ ಮಾಡಿ ಮುಂದಿಟ್ಟೆ. ನನ್ನ ಮಾತು ನಡೆಯುತ್ತದೋ ಅವಳದೋ, ನೋಡಿಯೇಬಿಡೋಣ ಎಂದು.

"ಬ್ಯಾಡ ಕಣಮ್ಮಿ, ಸಿಸ್ಟರ್‌ಗೆ ಗೊತ್ತಾಯ್ತದೆ."

"ನಾನು ಒಲೆ ಮುಂದೆ ಬೆಂದು ಮಾಡಿದ್ದು ಬೇಡ, ಅಲ್ವಾ?" ಎಂದು ಮುಖ ಊದಿಸಿದೆ. ಅವರು ನನ್ನ ಮುಖ ನೋಡಿದರು, ತಟ್ಟೆ ನೋಡಿದರು, ಎರಡು ತಿಂದರು. ಗೆದ್ದೆ ಎಂದುಕೊಂಡೆ. ಒಂದು ಗಂಟೆ ಕಳೆದಿರಲಿಲ್ಲ, ಫೋನು ಬಂತು.

"ಸರ್, ಶುಗರ್ ಮುನ್ನೂರರ ಹತ್ರ ಹೋಗಿದೆ. ಏನ್ ತಿಂದ್ರಿ? ಮೇಡಂ ಕೊಟ್ರಾ?"

"ಅವ್ಳೇನೂ ಕೊಟ್ಟಿಲ್ಲ ಸಿಸ್ಟರ್. ನಾನೇ ಕದ್ದು ತಿಂದ್ಬುಟ್ಟೆ."

ಅಷ್ಟು ಹೊತ್ತಿಗೆ ನನ್ನ ಕಣ್ಣು ಆ ವಾಸಿಯಾಗುತ್ತಿದ್ದ ಬೆರಳಿನ ಮೇಲೆ ಬಿತ್ತು. ಫೋನು ಕಿತ್ತುಕೊಂಡು ಹಿತ್ತಿಲಿಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ, ಹೊಟ್ಟೆಕಿಚ್ಚನ್ನೂ ಸೇರಿಸಿ. ಸವಿತಾ ಬೈಯಲಿಲ್ಲ, ನಕ್ಕಳು. "ನಮ್ಮನೇಲೂ ಇದೇ ಕಥೆ ಮೇಡಂ. ಪಾಂಡವಪುರದಲ್ಲಿ ಟ್ರಾಕ್ಟರ್ ರಿಪೇರಿ ಅಂಗ್ಡಿ ಇಟ್ಟವ್ರೆ ನಮ್ಮನೆಯೋರು. ಹೊಗೆಸೊಪ್ಪು ಬಿಡ್ರಿ ಅಂತ ಹತ್ತು ವರ್ಷದಿಂದ ಬಡ್ಕೋತಾ ಇದೀನಿ. ನೀವು ಮಿಸ್ ಅಲ್ವಾ, ಒಂದ್ಸಲ ಹೇಳಿ ನೋಡ್ತೀರಾ?"

ಮರುದಿನ ಅವಳು ಕೊಟ್ಟ ನಂಬರಿಗೆ, ಅವಳ ಗಂಡನಿಗೆ ಫೋನು ಮಾಡಿದೆ. "ನೋಡಪ್ಪಾ, ಬಾಯಿ ಹುಣ್ಣಾದ ಮೇಲೆ ಅಳೋದಕ್ಕಿಂತ ಈಗಲೇ ಬಿಡೋದು ಒಳ್ಳೇದಲ್ವಾ?" ಎಂದೆ. ಅಷ್ಟು ಮೃದುವಾದ ದನಿ ನನ್ನ ಬಳಿ ಇದೆಯೆಂಬುದು ನನಗೇ ಗೊತ್ತಿರಲಿಲ್ಲ.

"ಆಯ್ತು ಮಿಸ್," ಎಂದಿತು ಆ ಕಡೆಯ ದನಿ.

ದಿನಾ ಫೋನು ಮಾಡಿ ಅವನನ್ನು ವಿಚಾರಿಸತೊಡಗಿದೆ. ಇಪ್ಪತ್ತು ದಿನ ಕಳೆದ ಮೇಲೆ ಸವಿತಾ ಎಂದಿನಂತೆ ಎಂಟಕ್ಕೆ ಫೋನು ಮಾಡಿ, ಇವರ ಶುಗರ್ ವಿಚಾರಿಸಿ, ನನ್ನ ಕೈಗೆ ಫೋನು ಕೊಡಲು ಹೇಳಿದಳು. "ಹೊಗೆಸೊಪ್ಪು ಬಿಟ್ಬಿಟ್ರು ಮೇಡಂ," ಎಂದಳು. ಹಿಂದೆಯೇ, "ಹತ್ತು ವರ್ಷ ನಾನ್ ಹೇಳಿದ್ದು ಕಿವಿಗೇ ಬಿದ್ದಿರ್ಲಿಲ್ಲ. ನೀವ್ ಹೇಳಿದ್ ತಕ್ಷಣ ಬಿಟ್ರು ನೋಡಿ," ಎಂದಳು.

ದನಿಯಲ್ಲಿ ಸಣ್ಣ ಹುಳಿಯಿತ್ತು. ಆ ಹುಳಿಯ ಪರಿಚಯ ನನಗಿಂತ ಚೆನ್ನಾಗಿ ಇನ್ಯಾರಿಗಿದ್ದೀತು? ಅಯ್ಯೋ ಪಾಪ ಎನಿಸಬೇಕಿತ್ತು. ನಿಜ ಹೇಳುತ್ತೇನೆ, ಎನಿಸಲಿಲ್ಲ.