ಜವಳಿ ಅಂಗಡಿಗೆ ನಾನು ಕೊಟ್ಟ ಸಲಹೆ

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ ನಮ್ಮ ಕನ್ಸಲ್ಟಿಂಗ್ ಕಂಪನಿ ಇದೆ. ವ್ಯಾಪಾರ ಮಾಡುವುದು ಹೇಗೆಂದು ವ್ಯಾಪಾರಸ್ಥರಿಗೆ ಹೇಳಿಕೊಡುವುದು ನಮ್ಮ ಕಸುಬು. ನಾನು ಜೀವಮಾನದಲ್ಲಿ ಒಂದು ಕರ್ಚೀಫನ್ನೂ ಮಾರಿದವನಲ್ಲ. ಅದೇ ನನ್ನ ಅರ್ಹತೆ ಎಂದು ನಂಬಿದ್ದೆ!

ಸೇರಿ ವರ್ಷವಾಗುತ್ತ ಬಂದರೂ ನೌಕರಿ ಕಾಯಂ ಆಗಿರಲಿಲ್ಲ. ಹರಿಹರದ ಜವಳಿ ಅಂಗಡಿಯೊಂದರ ಕೆಲಸ ಚೆನ್ನಾಗಿ ಮಾಡಿಬಂದರೆ ಕಾಯಂ ಮಾಡುವುದಾಗಿ ನಮ್ಮ ಬಾಸ್ ಮಂಜುನಾಥ್ ಸರ್ ಮಾತು ಕೊಟ್ಟಿದ್ದರು. ನನ್ನ ಹೆಂಡತಿ ಸುಧಾ ಅಷ್ಟಕ್ಕೇ ತವರಿಗೆ ಫೋನ್ ಮಾಡಿ, ಕಾಯಂ ಆಗಿಯೇಬಿಟ್ಟಿತು ಎಂದು ಸಾರಿದ್ದಳು. ಇನ್ನು ಸೋತು ಬರುವಂತಿರಲಿಲ್ಲ.

ಅಂಗಡಿಯ ಮಾಲೀಕರಾದ ಬಸವರಾಜಪ್ಪನವರದು ಒಂದೇ ಸಂಕಟ. ಮದುವೆ ಜವಳಿಗೆ ಬಂದವರು ಬೆಳಿಗ್ಗೆ ಗಾದಿಯ ಮೇಲೆ ಕೂತರೆ ಸಂಜೆಯಾದರೂ ಏಳುವುದಿಲ್ಲ, ಬೇರೆ ಗಿರಾಕಿಗಳಿಗೆ ಜಾಗವೇ ಇಲ್ಲ. ನಾನು ಇಡೀ ದಿನ ಮೂಲೆಯಲ್ಲಿ ನಿಂತು ಅಧ್ಯಯನ ಮಾಡಿದೆ. ರೋಗ ಪತ್ತೆಯಾಯಿತು! ಬಂದವರಿಗೆಲ್ಲ ಸೀರೆ ಬಿಚ್ಚಿ ತೋರಿಸುತ್ತಿದ್ದರು. ತೀರ್ಮಾನ ಮಾಡುವವರು ಒಬ್ಬರೇ ತಾನೆ? ಅವರನ್ನು ಮೊದಲೇ ಗುರುತಿಸಿ, ಅವರಿಗೆ ಮಾತ್ರ ತೋರಿಸಿದರಾಯಿತು. ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣದ ಬಾಣಗಳನ್ನು ಎಳೆದು ವಿವರಿಸಿದೆ. ಬಸವರಾಜಪ್ಪನವರು ಬಾಣಗಳನ್ನು ಬಹಳ ಹೊತ್ತು ದಿಟ್ಟಿಸಿದರು.

"ನಂಗೇನೂ ತಿಳೀಲಿಲ್ಲ ಬಿಡ್ರಿ. ನೀವು ಓದಿದೋರು, ನೀವೇ ಒಂದ್ಸಲ ಮಾಡಿ ತೋರಿಸ್ರಿ" ಎಂದರು.

ಮರುದಿನ ಮಾಯಕೊಂಡದಿಂದ ಒಂದು ಮದುವೆ ತಂಡ ಬಂದಿಳಿಯಿತು. ನಮ್ಮ ಕಡೆ ಜವಳಿ ತೆಗೆಯುವುದಕ್ಕೆ ಗಂಡಿನವರು, ಹೆಣ್ಣಿನವರು ಇಬ್ಬರೂ ಬರಬೇಕು. ನಿಮಗೆ ಹೆಂಗೆ ಬೇಕೋ ಹಂಗೆ ತಗೊಳ್ರಿ ಎಂದು ಇವರು, ಇಲ್ರಿ ನೀವೇ ನೋಡ್ರಿ ಎಂದು ಅವರು. ಹೀಗೆ ಉಪಚಾರ ಮಾಡುತ್ತ, ಚಹಾ ಕುಡಿಯುತ್ತ, ಯಾರೂ ತೀರ್ಮಾನಿಸದೆಯೇ ಸೀರೆ ತೀರ್ಮಾನವಾಗಿಬಿಡುತ್ತದೆ. ನನ್ನ ಮದುವೆಯ ಜವಳಿಯೂ ಹೀಗೇ ಆಗಿತ್ತು. ಆದರೆ ಕನ್ಸಲ್ಟೆಂಟ್ ಆದವನಿಗೆ ಅದೆಲ್ಲ ಎಲ್ಲಿ ನೆನಪಿರುತ್ತದೆ?

ಬಾಗಿಲಲ್ಲೇ ಕೈ ಮುಗಿದು ಕೇಳಿದೆ: "ನಿಮ್ಮೊಳಗೆ ತೀರ್ಮಾನ ಯಾರದು? ಅವರೊಬ್ಬರು ಗಾದಿಗೆ ಬರ್ರಿ. ಉಳಿದೋರು ಆ ಕಡೆ ಕೂಡ್ರಿ."

ಗಂಡಿನ ತಾಯಿಯೂ ಹೆಣ್ಣಿನ ತಾಯಿಯೂ ಒಟ್ಟಿಗೇ ಗಾದಿಯತ್ತ ಹೆಜ್ಜೆ ಇಟ್ಟರು.

"ಧಾರೆ ಸೀರೆ ತರೋರು ನಾವು" ಎಂದರು ಗಂಡಿನ ತಾಯಿ.

"ಉಡೋಳು ನಮ್ಮ ಹುಡುಗಿ" ಎಂದರು ಹೆಣ್ಣಿನ ತಾಯಿ.

ಆಗಲಾದರೂ ಬಾಯಿ ಮುಚ್ಚಿಕೊಂಡಿದ್ದರೆ ಬಸವರಾಜಪ್ಪನವರು ಚಹಾ ತರಿಸಿ ಸುಧಾರಿಸುತ್ತಿದ್ದರೇನೋ. ನಾನು ಬಿಡಬೇಕಲ್ಲ! ಪ್ರಜಾಸತ್ತಾತ್ಮಕವಾಗಿ ಬಗೆಹರಿಸೋಣ, ಕೈ ಎತ್ತಿ ಎಂದೆ. ಎಣಿಸಿದರೆ ಗಂಡಿನ ಕಡೆಯ ಕೈಗಳೇ ಹೆಚ್ಚು. ಇದಕ್ಕೇ ಅಷ್ಟು ಮಂದಿ ಕಟ್ಟಿಕೊಂಡು ಬಂದಿರೇನು ಎಂದು ಹೆಣ್ಣಿನ ತಂದೆ ಕೇಳಿದರು. ಆಮೇಲೆ ಯಾರು ಯಾರಿಗೆ ಏನೆಂದರೋ, ನಾನು ಬಟ್ಟೆ ಗಂಟುಗಳ ಹಿಂದೆ ಅಡಗಿದ್ದರಿಂದ ಸರಿಯಾಗಿ ಕೇಳಿಸಲಿಲ್ಲ. ಹೊರಬಂದು ನೋಡಿದರೆ ಹೆಣ್ಣಿನವರು ಟೆಂಪೋ ಹತ್ತಿದ್ದರು, ಗಂಡಿನವರು ಬಸ್ ನಿಲ್ದಾಣದತ್ತ ಹೊರಟಿದ್ದರು. ಪುಣ್ಯಕ್ಕೆ ಮದುವೆ ನಿಲ್ಲಲಿಲ್ಲ. ಜವಳಿ ಮಾತ್ರ ದಾವಣಗೆರೆಯ ಯಾವುದೋ ಅಂಗಡಿಯಲ್ಲಾಯಿತು.

"ಗಾದಿ ಖಾಲಿ ಆತು ನೋಡ್ರಿ" ಎಂದರು ಬಸವರಾಜಪ್ಪನವರು. "ಹೇಳಿದಂಗೇ ಮಾಡಿದ್ರಿ."

ನಾನು ದಾವಣಗೆರೆ ಮುಟ್ಟುವ ಮೊದಲೇ ಅವರ ಫೋನು ಮುಟ್ಟಿತ್ತು. ಮಂಜುನಾಥ್ ಸರ್ ಕೂರಲೂ ಹೇಳಲಿಲ್ಲ. ಕಾಯಂ ಮಾತು ಮುಗಿಯಿತು, ಇನ್ನು ಯಾವ ಗಿರಾಕಿಯ ಹತ್ತಿರವೂ ನನ್ನನ್ನು ಕಳಿಸುವುದಿಲ್ಲ ಎಂದರು. ನನಗೆ ಅಳುವೇ ಬಂದಂತಾಯಿತು.

"ಆಫೀಸಿನಾಗೆ ಕೂತು ಬಾಣ ಎಳೀತೀಯೋ, ಬೇರೆ ಕೆಲಸ ನೋಡ್ಕೋತೀಯೋ? ತೀರ್ಮಾನ ನಿಂದೇ. ಈಗ್ಲೇ ಹೇಳು."

ನಾನು ಗಂಟಲು ಸರಿಮಾಡಿಕೊಂಡು, ಅತ್ಯಂತ ಗಂಭೀರವಾಗಿ ಉತ್ತರಿಸಿದೆ.

"ಸುಧಾನ್ನ ಕೇಳಿ ಹೇಳ್ತೀನಿ ಸರ್."