ಕಾಲುನೋವಿನ ಭಾಷಾಂತರ

ಕನ್ನಡದಲ್ಲಿ ಕಾಲು ಎಂಬುದು ಬಹಳ ಉದಾರವಾದ ಅಂಗ. ಸೊಂಟದ ಕೆಳಗೆ ಶುರುವಾದರೆ ಕಿರುಬೆರಳಿನ ಉಗುರಿನ ತನಕ ಎಲ್ಲವೂ ಕಾಲೇ. ಮುಳ್ಳು ಚುಚ್ಚಿದರೂ ಕಾಲಿಗೆ, ಮೂಳೆ ಮುರಿದರೂ ಕಾಲಿಗೆ. ‘ಕಾಲು ತೊಳ್ಕೊಂಡು ಬಾ’ ಎಂದಾಗ ತೊಡೆ ತೊಳೆದುಕೊಂಡು ಬಂದವರನ್ನು ನಾನಂತೂ ಕಂಡಿಲ್ಲ. ಹಿರಿಯರ ಕಾಲಿಗೆ ಬೀಳುವಾಗಲೂ ಯಾವ ಭಾಗಕ್ಕೆ ಎಂದು ಯಾರೂ ವಿಚಾರಿಸುವುದಿಲ್ಲ. ಪಾದ, ಹಿಮ್ಮಡಿ, ಮೀನಖಂಡ ಎಂಬ ಪದಗಳೂ ನಮ್ಮಲ್ಲಿವೆ, ಇಲ್ಲವೆನ್ನುವುದಿಲ್ಲ. ಆದರೆ ಪಾದ ದೇವರಿಗೆ, ಗುರುಗಳಿಗೆ ಸಲ್ಲುವಂಥದ್ದು. ನನ್ನಂಥವನಿಗೆ ಇರುವುದು ಬರೀ ಕಾಲು. ಈ ಉದಾರತೆಯನ್ನು ನಂಬಿಕೊಂಡು ನಾನು ಐರ್ಲೆಂಡಿನಲ್ಲಿ ಮೂರು ವಾರ ಹಾಳು ಮಾಡಿಕೊಂಡೆ.

ನಾನಿರುವುದು ಅಲ್ಲಿನ ಲೆಟರ್‌ಕೆನ್ನಿ ಎಂಬ ಊರಿನಲ್ಲಿ. ಕಂಪ್ಯೂಟರಿನ ಮುಂದೆ ಕೂತು ಸಂಬಳ ಪಡೆಯುವ ಜಾತಿ. ಕೊರೋನಾ ಬಂದು ಅಡುಗೆಮನೆಯ ಮೇಜೇ ಆಫೀಸಾಗಿ, ಹೊರಗೆ ಕಾಲಿಡಲು ವ್ಯಾಯಾಮ ಒಂದೇ ನೆಪವಾಗಿ ಉಳಿದಾಗ, ನಲವತ್ತೆರಡನೆಯ ವಯಸ್ಸಿನಲ್ಲಿ ಓಡಲು ಶುರುಮಾಡಿದೆ. ಅದಕ್ಕೆ ಮೊದಲು ನಾನು ಓಡಿದ್ದೆಂದರೆ ಮೈಸೂರಿನ ಸಿಟಿ ಬಸ್ಸಿನ ಹಿಂದೆ, ಅದೂ ಬಸ್ಸು ಸಿಕ್ಕಿದ್ದು ಕಡಿಮೆ. ಅಂಥವನು ಹತ್ತು ತಿಂಗಳಲ್ಲಿ ಎಲ್ಲೂ ನಿಲ್ಲದೆ ಹತ್ತು ಕಿಲೋಮೀಟರ್ ಓಡುವ ಮಟ್ಟಕ್ಕೆ ಬಂದೆ. ಮನೆಯಿಂದ ಐದು ಕಿಲೋಮೀಟರ್ ಆಚೆ ಹೋಗಕೂಡದೆಂಬ ನಿಯಮವಿದ್ದ ದಿನಗಳು ಅವು. ಹೋಗಿ ಬಂದರೆ ಸರಿಯಾಗಿ ಹತ್ತು, ಸರ್ಕಾರ ನನಗಾಗಿಯೇ ಅಳತೆ ಹಾಕಿದಂತಿತ್ತು. ದಾರಿಯಲ್ಲಿ ಮಳೆ, ಗಾಳಿ, ಬೇಲಿಯಾಚೆ ನಿಂತು ನನ್ನನ್ನೇ ನೋಡುವ ಕುರಿಗಳು. ಆ ಒಂದು ಗಂಟೆ ನಾನು ಯಾರ ಮೀಟಿಂಗಿಗೂ ಸಿಗುವವನಲ್ಲ. ಹುಟ್ಟಿದಾಗಿನಿಂದ ಮೈಯಿಂದ ಮಾಡುವ ಒಂದು ಕೆಲಸವನ್ನೂ ನೆಟ್ಟಗೆ ಮಾಡದಿದ್ದವನಿಗೆ ಅದು ಎಂಥ ಸಂತೋಷ ಎಂದು ಹೇಳಿದರೆ ಆಟಗಾರರಿಗೆ ಅರ್ಥವಾಗಲಾರದು.

ಹಾಗಿರುವಾಗ ಒಂದು ಬೆಳಿಗ್ಗೆ ಮಂಚದಿಂದ ಇಳಿದು ಕಾಲೂರಿದೆ, ಹಿಮ್ಮಡಿಗೆ ಮೊಳೆ ಹೊಡೆದಂತಾಗಿ ಮತ್ತೆ ಮಂಚದ ಮೇಲೇ ಕೂತೆ. ಮರುದಿನವೂ ಅದೇ, ಅದರ ಮರುದಿನವೂ ಅದೇ. ನಾನು ನಿಜಕ್ಕೂ ಹೆದರಿದೆ. ಓಟ ಹೋದರೆ ನನಗೆ ಉಳಿಯುವುದು ಅಡುಗೆಮನೆಯ ಮೇಜು ಮಾತ್ರ.

ಆಗ ಕ್ಲಿನಿಕ್ಕಿಗೆ ಹೋಗುವಂತಿರಲಿಲ್ಲ, ಫಿಸಿಯೋಥೆರಪಿ ಕೂಡ ಫೋನಿನಲ್ಲೇ. ಶಿನೇಡ್ ಎಂಬಾಕೆ ಮಾತಾಡಿದರು. ನೋವು ಎಲ್ಲಿ ಎಂದು ಕೇಳಿದರು. ನಾನು ‘ಲೆಗ್’ ಎಂದೆ. ಮಂಡಿಯಿಂದ ಮೇಲೋ ಕೆಳಗೋ? ಕೆಳಗೆ. ಮುಂದೋ ಹಿಂದೋ? ಹಿಂದೆ. ಇದರಲ್ಲಿ ಒಂದು ಮಾತೂ ಸುಳ್ಳಲ್ಲ ಎಂಬುದನ್ನು ಓದುಗರು ಗಮನಿಸಬೇಕು. “ಹಾಗಾದರೆ ಕಾಫ್ ಇರಬೇಕು, ಅಲ್ಲವೇ?” ಎಂದರು. ಕಾಫ್ ಎಂದರೆ ಮೀನಖಂಡವೂ ಹೌದಂತೆ, ಆಗ ನನಗೆ ಗೊತ್ತಿದ್ದದ್ದು ಕರು ಮಾತ್ರ. ಈ ಊರಿನಲ್ಲಿ ಮಾತಿನ ಮಧ್ಯೆ ಕರು ಬರುವುದು ಅಂಥ ಆಶ್ಚರ್ಯವೇನಲ್ಲ. ಅರ್ಥವಾಗದ್ದಕ್ಕೆಲ್ಲ ‘ಯೆಸ್ ಯೆಸ್’ ಎನ್ನುವುದು ಹನ್ನೊಂದು ವರ್ಷದ ಕಾನ್ಫರೆನ್ಸ್ ಕಾಲ್‌ಗಳು ನನಗೆ ಕಲಿಸಿದ ವಿದ್ಯೆ. ಯೆಸ್ ಯೆಸ್ ಎಂದೆ.

ವ್ಯಾಯಾಮಗಳು ಇಮೇಲಿನಲ್ಲಿ ಬಂದವು, ಚಿತ್ರ ಸಮೇತ. ಮೆಟ್ಟಿಲಂಚಿನಲ್ಲಿ ತುದಿಬೆರಳ ಮೇಲೆ ಏಳುವುದು, ಇಳಿಯುವುದು. ಆಮೇಲೆ ಮೀನಖಂಡದ ಮೇಲೆ ದುಂಡನೆಯದೊಂದನ್ನು ಉರುಳಿಸುವುದು. ಅಂಗಡಿಗಳು ಮುಚ್ಚಿದ್ದವು, ಮನೆಯಲ್ಲಿ ದುಂಡಗೆ ಇದ್ದದ್ದು ಲಟ್ಟಣಿಗೆ. ನನ್ನ ಹೆಂಡತಿ ವೀಣಾ ಬಾಗಿಲಲ್ಲಿ ನಿಂತು ನೋಡಿದಳು. “ರೀ, ಅದ್ರಲ್ಲೇ ನಾನು ಚಪಾತಿ ಲಟ್ಟಿಸೋದು, ಗೊತ್ತು ತಾನೇ?” ತೊಳೆದಿಡ್ತೀನಿ ಎಂದೆ. ಆ ಮೂರು ವಾರ ನಮ್ಮ ಮನೆಯಲ್ಲಿ ಎರಡು ಹೊತ್ತೂ ಅನ್ನವೇ ಆಯಿತು.

ಫೋನಿಡುವ ಮುಂಚೆ ಶಿನೇಡ್ ‘ಗೋ ಈಸಿ ಆನ್ ದ ರನ್ನಿಂಗ್’ ಎಂದಿದ್ದರು. ಓಟದವರಲ್ಲಿ ‘ಈಸಿ ರನ್’ ಎಂದೇ ಒಂದು ಬಗೆಯುಂಟು, ಏದುಸಿರು ಬಿಡದೆ ನಿಧಾನವಾಗಿ ಓಡುವುದು. ವೈದ್ಯರ ಮಾತು ಮೀರಬಾರದಲ್ಲವೇ? ನಾನು ದಿನಾ ಈಸಿಯಾಗಿ ಓಡಿದೆ. ವೀಣಾ ಮಹಡಿಯ ಮೇಲೆ ಮೀಟಿಂಗಿಗೆ ಕೂತ ತಕ್ಷಣ ‘ಸ್ವಲ್ಪ ಗಾಳಿಗೆ ಹೋಗಿ ಬರ್ತೀನಿ’ ಎಂದು ಮೆಟ್ಟಿಲ ಬುಡದಿಂದ ಕೂಗಿ ಹೊರಡುತ್ತಿದ್ದೆ.

ಮೂರು ವಾರ ಕಳೆಯುವಷ್ಟರಲ್ಲಿ ನನ್ನ ಮೀನಖಂಡಗಳು ಪೈಲ್ವಾನರಿಗೂ ಒಪ್ಪುವಂತಾದವು. ಹಿಮ್ಮಡಿ ಮಾತ್ರ ನನ್ನನ್ನು ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುವ ಸ್ಥಿತಿಗೆ ತಂದಿತು. ಈ ಸಲ ಶಿನೇಡ್ ವಿಡಿಯೋದಲ್ಲಿ ಬಂದರು. ಶಾಲೆಯೂ ಮನೆಯಲ್ಲೇ ಆಗಿದ್ದರಿಂದ ನನ್ನ ಎಂಟು ವರ್ಷದ ಮಗಳು ಇಂಚರ ಅದೇ ಮೇಜಿನ ಆಚೆ ಬದಿಯಲ್ಲಿ ಲೆಕ್ಕ ಮಾಡುತ್ತಿದ್ದಳು. ನೋವಿನ ಜಾಗಕ್ಕೆ ಬೆರಳಿಟ್ಟು ತೋರಿಸಿ ಎಂದರು ಶಿನೇಡ್. ನಾನು ಕುರ್ಚಿಯಲ್ಲಿ ಹಿಂದಕ್ಕೆ ವಾಲಿ, ಹಿಮ್ಮಡಿಯನ್ನು ಲ್ಯಾಪ್‌ಟಾಪಿನ ಮುಖಕ್ಕೆ ಹಿಡಿದೆ. ಶಿನೇಡ್ ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದರು.

“ಅದು ನಿಮ್ಮ ಫುಟ್,” ಎಂದರು.

“ಹೌದು, ನನ್ನ ಲೆಗ್,” ಎಂದೆ.

ಇಂಚರ ಪುಸ್ತಕದಿಂದ ತಲೆಯೆತ್ತಲಿಲ್ಲ. ನಾವು ಕನ್ನಡದಲ್ಲಿ ಏನೇ ಕೇಳಲಿ, ಅವಳ ಉತ್ತರ ಈ ಊರಿನ ರಾಗದ ಇಂಗ್ಲಿಷಿನಲ್ಲೇ. “ಹಿ ಮೀನ್ಸ್ ಹಿಸ್ ಹೀಲ್. ದೇ ಕಾಲ್ ದ ಹೋಲ್ ಥಿಂಗ್ ಕಾಲು.” ಆ ‘ದೇ’ ನನಗೆ ಚುಚ್ಚಿತು. ಆದರೆ ಸದ್ಯಕ್ಕೆ ಹಿಮ್ಮಡಿ ಅದಕ್ಕಿಂತ ಜೋರಾಗಿ ಚುಚ್ಚುತ್ತಿತ್ತು.

ಶಿನೇಡ್ ನಗು ತಡೆದುಕೊಂಡು, ಓಡುತ್ತಿಲ್ಲ ತಾನೇ ಎಂದು ಕೇಳಿದರು. ನಾನು ‘ಈಸಿ’ ಎಂಬುದರ ವಿವರಣೆಗೆ ಬಾಯಿ ತೆರೆಯುವಷ್ಟರಲ್ಲಿ ಆಚೆ ಬದಿಯಿಂದ ಸಾಕ್ಷಿ ಬಂತು. “ಹಿ ರನ್ಸ್ ಎವ್ರಿ ಡೇ. ವೆನ್ ಅಮ್ಮ ಈಸ್ ಇನ್ ಎ ಮೀಟಿಂಗ್.”

ಶಿನೇಡರ ನಗು ನಿಂತಿತು. ಹೀಗೇ ಓಡಿದರೆ ಈ ವರ್ಷ ಓಟದ ಮಾತೇ ಬೇಡ, ಮುಂದಿನ ವರ್ಷದ ಬಗ್ಗೆಯೂ ನಾನು ಭರವಸೆ ಕೊಡುವುದಿಲ್ಲ ಎಂದರು. ಆರು ವಾರ ಒಂದು ಹೆಜ್ಜೆಯೂ ಓಡಕೂಡದು. ಆಮೇಲೆ ನನ್ನನ್ನು ಬಿಟ್ಟು ಮಗಳನ್ನು ಕರೆದು, ಇವರನ್ನು ನೋಡಿಕೊಳ್ಳುತ್ತೀಯಾ ಎಂದು ಕೇಳಿದರು. “ಐ ವಿಲ್, ಆಯ್,” ಎಂದಳು ಇಂಚರ; ‘ಆಯ್’ ಎಂದರೆ ಈ ಊರಿನವರ ‘ಹೌದು’. ನನ್ನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ.

ಆರು ವಾರ ಮೀಟಿಂಗುಗಳಲ್ಲಿ ಮೇಜಿನ ಕೆಳಗೆ ಮಂಜುಗಟ್ಟಿದ ನೀರಿನ ಬಾಟಲಿಯನ್ನು ಅಂಗಾಲಿನಿಂದ ಉರುಳಿಸುತ್ತ ಕೂತೆ. ಕಿಟಕಿಯಾಚೆ ಯಾರಾದರೂ ಓಡುತ್ತ ಹೋದರೆ ಹೊಟ್ಟೆ ಉರಿಯುತ್ತಿತ್ತು. ಒಬ್ಬ ಮುದುಕರು ದಿನಾ ಹನ್ನೊಂದಕ್ಕೆ ಸರಿಯಾಗಿ ಓಡುತ್ತಿದ್ದರು. ಮಳೆಯ ದಿನ ಅವರು ಬರದಿದ್ದಾಗ ನನಗೆ ಖುಷಿಯಾದದ್ದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ. ಆದರೆ ಮೊಳೆ ದಿನದಿಂದ ದಿನಕ್ಕೆ ಮೊಂಡಾಗುತ್ತ ಬಂದು, ಒಂದು ಬೆಳಿಗ್ಗೆ ಗೋಡೆ ಹಿಡಿಯದೆ ಬಚ್ಚಲಿಗೆ ಹೋದೆ.

ಕೊನೆಗೆ ಅಪ್ಪಣೆ ಬಂತು. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಅಷ್ಟೇ. ಮನೆಯ ಮುಂದಿನ ರಸ್ತೆಗೆ ಇಳಿದೆ. ಇಂಚರ ಅಮ್ಮನ ಫೋನಿನಲ್ಲಿ ಟೈಮರ್ ಇಟ್ಟುಕೊಂಡು ಸೈಕಲ್ಲಿನಲ್ಲಿ ಪಕ್ಕದಲ್ಲೇ ಬಂದಳು. ಓಡಿದೆ. ಹಿಮ್ಮಡಿ ಉಸಿರೆತ್ತಲಿಲ್ಲ. ಮುಖಕ್ಕೆ ತಣ್ಣಗೆ ಗಾಳಿ ಹೊಡೆಯಿತು, ಕಣ್ಣಲ್ಲಿ ನೀರು ಬಂತು. ಗಾಳಿಗೆ ಎಂದು ಹೇಳಬಹುದು, ಆದರೆ ಗಾಳಿಗಲ್ಲ.

“ಸ್ಟಾಪ್!” ಎಂದಳು ಇಂಚರ.

ನಾನು ನಿಲ್ಲಲಿಲ್ಲ. ಮುಂದಿನ ದೀಪದ ಕಂಬದ ತನಕ ಎಂದುಕೊಂಡೆ. ಅದು ದಾಟಿತು, ಅದರ ಮುಂದಿನದೂ ಹತ್ತಿರವೇ ಇತ್ತು.

“ಅಪ್ಪಾ! ಒನ್ ಮಿನಿಟ್, ಶಿ ಸೆಡ್!”

“ನಮ್ ಕಡೆ ಒಂದ್ನಿಮಿಷ ಅಂದ್ರೆ ಅಷ್ಟೊಂದು ಕರೆಕ್ಟಾಗಿ ಒಂದೇ ನಿಮಿಷ ಅಂತಲ್ಲ ಪುಟ್ಟಿ,” ಎಂದು ಓಡುತ್ತಲೇ ಹೇಳಿದೆ. “ಹೆಚ್ಚುಕಮ್ಮಿ ಇರುತ್ತೆ.”

ಅವಳು ಜೋರಾಗಿ ಪೆಡಲ್ ತುಳಿದು ಮುಂದೆ ಹೋದಳು. ಸೈಕಲ್ಲನ್ನು ನನಗೆ ಅಡ್ಡಲಾಗಿ ನಿಲ್ಲಿಸಿ, ಒಂದು ಕಾಲು ನೆಲಕ್ಕೆ ಕೊಟ್ಟು, ಫೋನನ್ನು ನನ್ನ ಮುಖದ ಎದುರಿಗೆ ಹಿಡಿದಳು.

“ಅಪ್ಪಾ, ಸ್ಟಾಪ್ ಈಸ್ ದ ಸೇಮ್ ಇನ್ ಕನ್ನಡ.”

ನಿಂತೆ. ವಾದ ಮಾಡಲು ನನ್ನ ಹತ್ತಿರ ಮೂರನೆಯ ಭಾಷೆ ಇರಲಿಲ್ಲ.