ನಾಲ್ಕು ಭಾಷೆಯ ಸ್ತ್ರೀದ್ವೇಷಿ

ಪದಗಳ ಜೊತೆ ಕೆಲಸ ಮಾಡುವವರಿಗೆ ಇಂಥದ್ದು ಆಗುತ್ತಲೇ ಇರುತ್ತದೆ. ಬೆಳಿಗ್ಗೆ ಒಂದು ಪದ ಟೈಪ್ ಮಾಡಿರುತ್ತೇವೆ. ಸಂಜೆಯೊಳಗೆ ಅದೇ ಪದ ಪ್ಯಾಂಟು ಹಾಕಿಕೊಂಡು ಎದುರಿಗೆ ಬಂದು ಕೂತಿರುತ್ತದೆ.

ಹೊಸೂರು ರಸ್ತೆಯಲ್ಲಿ ಫ್ಲೈಓವರಿನ ಕಂಬಗಳು ಏಳುತ್ತಿದ್ದ ಕಾಲ. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ನನ್ನ ಕೆಲಸ ಜರ್ಮನ್ ಪದಗಳದು. ಯುರೋಪಿನ ಪ್ರಕಾಶಕರೊಬ್ಬರು ಕಂಪ್ಯೂಟರಿನಲ್ಲಿ ಓದುವ ನಿಘಂಟು ತರುತ್ತಿದ್ದರು. ಪದಪಟ್ಟಿ ನಾವು ಸಿದ್ಧ ಮಾಡಬೇಕು. ನಮ್ಮ ಸಾಲಿನಲ್ಲಿ ನಾಲ್ವರು ಹೆಂಗಸರು: ಜರ್ಮನ್‌ಗೆ ನಾನು, ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್‌ಗೆ ಒಬ್ಬೊಬ್ಬರು. ಮೇಲೊಬ್ಬ ಮ್ಯಾನೇಜರ್. ಅವರಿಗೆ ಈ ನಾಲ್ಕರಲ್ಲಿ ಒಂದೂ ಬರುತ್ತಿರಲಿಲ್ಲ. ಅದಕ್ಕೇ ಇರಬೇಕು, ನಾಲ್ಕನ್ನೂ ತಿದ್ದುತ್ತಿದ್ದರು.

೧. ಬಾಲ ಮಾತ್ರ ಬೇರೆ

'ಎಮ್' ಅಕ್ಷರದ ವಾರ ನನ್ನ ಪಟ್ಟಿಯಲ್ಲಿ 'ಮಿಸೊಗ್ಯೂನ್' ಅಂತ ಒಂದು ಪದ ಬಂತು. ಪಕ್ಕದ ಫ್ರೆಂಚ್‌ನವಳು, "ನಂಗೂ ಬಂದಿದೆ ಕಣೇ, ಮಿಸೊಜಿನ್" ಅಂದಳು. ಸ್ಪ್ಯಾನಿಷ್‌ನವಳಿಗೆ ಮಿಸೊಹಿನೊ, ಇಟಾಲಿಯನ್‌ನವಳಿಗೆ ಮಿಸೊಜಿನೊ. 'ದ್ವೇಷ'ಕ್ಕೂ 'ಹೆಣ್ಣು' ಪದಕ್ಕೂ ಗಂಟು ಹಾಕಿ ಗ್ರೀಕರು ಯಾವಾಗಲೋ ಮಾಡಿಟ್ಟ ಪದ. ಊರೂರು ಸುತ್ತಿ ನಮ್ಮ ನಾಲ್ಕೂ ಮೇಜಿಗೆ ಬಂದಿತ್ತು.

ನಾವು ನಗುತ್ತಿದ್ದದ್ದು ಕೇಳಿ ಮ್ಯಾನೇಜರ್ ಬಂದರು. "ಏನ್ರೀ ಅದು, ಮಾತ್ರೆ ಹೆಸರಾ?"

"ಅಲ್ಲ ಸಾರ್. ಹೆಂಗಸರನ್ನ ಕಂಡ್ರೆ ಆಗದವನು. ಸ್ತ್ರೀದ್ವೇಷಿ. ನಾಲ್ಕು ಭಾಷೆಯಲ್ಲೂ ಒಂದೇ ಪದ, ಬಾಲ ಮಾತ್ರ ಬೇರೆ."

"ತುಂಬಾ ನೆಗೆಟಿವ್. ತೆಗೆದ್ಬಿಡಿ. ಈಗಿನ ಕಾಲದಲ್ಲಿ ಅಂಥೋರು ಎಲ್ಲಿದಾರೆ?" ಅಂತ ನನ್ನ ಫೈಲಿನಲ್ಲಿ ತಾವೇ ಅಳಿಸಿದರು. ಎರಡು ಹೆಜ್ಜೆ ಹೋಗಿ ತಿರುಗಿದರು: "ಹಾಂ, ಮೀಟಿಂಗ್ ಇದೆ. ನಿಮ್ಮಲ್ಲಿ ಒಬ್ರು ಎದ್ದು ಕಾಫಿ ತಂದ್ಬಿಡಿ. ಹರಟೆಗೆ ಮೂರು ಜನ ಹೆಂಗಸ್ರು ಸಾಕಲ್ಲ?"

ಅವರ ಬೆನ್ನು ಮರೆಯಾದ ಮೇಲೆ ಇಟಾಲಿಯನ್‌ನವಳು ನನ್ನ ಕಡೆ ಬಾಗಿ ಹೇಳಿದಳು: "ಪದ ವಾಪಸ್ ಹಾಕೇ. ಬಳಕೆಯಲ್ಲಿದೆ."

ಹಾಕಿದೆ.

೨. ಓನರ್ ಅಮ್ಮನ ಅರ್ಥ

ನಾನು ಬಾಡಿಗೆಗಿದ್ದದ್ದು ಬೊಮ್ಮಸಂದ್ರದ ಹತ್ತಿರ, ಅದೇ ಊರಿನ ಹಳೇ ಒಕ್ಕಲು ಮನೆತನದವರ ಮಹಡಿಯಲ್ಲಿ. ಹೊಲವಿದ್ದ ಕಡೆ ಫ್ಯಾಕ್ಟರಿ ಬಂದಿದ್ದರೂ ಓನರ್ ಅಮ್ಮ ಎರಡು ಹಸು ಬಿಟ್ಟಿರಲಿಲ್ಲ. ಹಾಲು ಕರೆಯುತ್ತಲೇ ಒಂದು ಭಾನುವಾರ ಕೇಳಿದರು: "ಅದೇನ್ ಕೆಲ್ಸ ಮಾಡ್ತೀಯಮ್ಮ ಅಲ್ಲಿ?"

"ಬೇರೆ ದೇಶದ ಮಾತಿಗೆ ಅರ್ಥ ಬರೀತೀನಿ ಅಮ್ಮ. ಈಗ ನೋಡಿ, ಹೆಂಗಸರು ಅಂದ್ರೆ ಸಿಡುಕೋನು, ಮಾತೆತ್ತಿದ್ರೆ ಬಾಯಿ ಮುಚ್ಚಿಸೋನು. ಅಂಥವನಿಗೆ ಆ ದೇಶಗಳಲ್ಲೆಲ್ಲ ಒಂದು ಪದ ಇದೆ."

"ಬಿಡಮ್ಮ, ನಮ್ಮಲ್ಲೂ ಐತೆ."

ನಿಘಂಟಿನಲ್ಲಿಲ್ಲದ ಯಾವುದೋ ಹಳೆಯ ಪದ ಸಿಕ್ಕಿತು ಅಂತ ನನಗೆ ಆಸೆ. "ಏನಂತೀರಮ್ಮ?"

ಅಷ್ಟರಲ್ಲಿ ಒಳಗಿನಿಂದ ಅವರ ಗಂಡ ಕೂಗಿದರು: "ಏಯ್, ಕಾಪಿ ಏನಾತು? ಅಲ್ಲೇನ್ ಪುರಾಣ?"

ಓನರ್ ಅಮ್ಮ ಚೊಂಬು ಪಕ್ಕಕ್ಕಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡರು. "ಯಜಮಾನ್ರು ಅಂತೀವಿ."

೩. ಉಲ್ಟಾ ಪದ

ಕಂಪನಿ ಕ್ಯಾಬಿನಲ್ಲಿ ಒಬ್ಬ ಟೆಸ್ಟಿಂಗ್ ಎಂಜಿನಿಯರ್ ಬರುತ್ತಿದ್ದ. ಈ ಪದದ ಕಥೆ ಅವನ ಕಿವಿಗೂ ಬಿದ್ದಿತ್ತು. ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಕ್ಯಾಬ್ ಅಲುಗಾಡದೆ ನಿಂತಾಗ ಹಿಂತಿರುಗಿ ಕೇಳಿದ: "ಗಂಡಸರನ್ನ ದ್ವೇಷ ಮಾಡೋ ಹೆಂಗಸಿಗೂ ಪದ ಇರ್ಬೇಕಲ್ಲ ಮೇಡಂ? ಅದನ್ಯಾಕೆ ಹೇಳಲ್ಲ?"

"ಇದೆ. ಅದೂ ಗ್ರೀಕ್‌ನಿಂದಾನೇ."

"ನೋಡಿದ್ರಾ! ಮತ್ತೆ ಅದು ಯಾಕೆ ಅಷ್ಟು ಕೇಳ್ಸಲ್ಲ?"

"ದ್ವೇಷ ಮಾಡೋಕೆ ನಮಗೆ ಟೈಮ್ ಎಲ್ಲಿದೆ? ಮನೆಗೆ ಹೋಗಿ ಅನ್ನಕ್ಕಿಡ್ಬೇಕು."

ಡ್ರೈವರ್ ಅಣ್ಣ ನಕ್ಕ ರಭಸಕ್ಕೆ ಹಾರ್ನ್ ಹೊಡೆದುಬಿಟ್ಟ.

೪. ಮ್ಯಾನೇಜರ್ ಹೇಳಿದ ವಾಕ್ಯ

ಆ ವರ್ಷ ಜರ್ಮನ್ ಪಟ್ಟಿಯ ಹೊಣೆ ಹೊರಲು ಒಬ್ಬ ಲೀಡ್ ಬೇಕಾಗಿತ್ತು. ಆ ಪಟ್ಟಿಯನ್ನು ಮೊದಲ ಅಕ್ಷರದಿಂದ ಮಾಡಿದವಳು ನಾನು. ಹೋಗಿ ಕೇಳಿದೆ. ಮ್ಯಾನೇಜರ್ ಕುರ್ಚಿಗೆ ಒರಗಿ, "ನಾಳೆ ನಿಮಗೆ ಮದ್ವೆ ಆಗುತ್ತೆ, ಬಿಟ್ಟು ಹೋಗ್ತೀರ. ಬೇಜಾರು ಮಾಡ್ಕೋಬೇಡಿ" ಅಂದರು. ಬೇಜಾರಾಗಲಿಲ್ಲ, ಮೈ ಉರಿಯಿತು. ಸೀಟಿಗೆ ಬಂದರೆ ಅವರು 'ಮಿಸೊಗ್ಯೂನ್' ಪದವನ್ನು ಮತ್ತೆ ಅಳಿಸಿದ್ದರು. ಮತ್ತೆ ಹಾಕಿದೆ. ಮಾರನೇ ದಿನ ಅವರು ಅಳಿಸಿದರು. ನಾನು ಹಾಕಿದೆ.

ಫೈಲಿನಲ್ಲಿ ಯಾರು ಏನು ಮಾಡಿದರು ಅನ್ನುವುದೆಲ್ಲ ದಾಖಲಾಗುತ್ತದೆ. ಜರ್ಮನಿಯಲ್ಲಿ ಕೂತ ಸಂಪಾದಕಿ ಅದನ್ನು ಕಂಡು, ಮಧ್ಯಾಹ್ನ ಫೋನ್ ಮಾಡುತ್ತೇನೆ ಅಂತ ಮೇಲ್ ಕಳಿಸಿದರು. ವಯಸ್ಸಾದ ಹೆಂಗಸು, ಇಂಗ್ಲಿಷ್ ಬರುತ್ತಿರಲಿಲ್ಲ. ನಡುವೆ ಅನುವಾದಕ್ಕೆ ನಾನೇ.

ಅವರ ಮೊದಲ ಪ್ರಶ್ನೆ: "ಈ ಪದ ಯಾಕೆ ಹೋಗ್ತಾ ಬರ್ತಾ ಇದೆ?"

ಕನ್ನಡದಲ್ಲಿ ಹೇಳಿದೆ. ಮ್ಯಾನೇಜರ್ ಸ್ಪೀಕರಿನ ಕಡೆ ಬಾಗಿ ನಗುತ್ತಾ ಅಂದರು: "ಹೇಳ್ರೀ ಅವರಿಗೆ. ಹೆಂಗಸ್ರಿಗೆ ತಲೆಗಿಂತ ಕಣ್ಣೀರು ಜಾಸ್ತಿ, ಜವಾಬ್ದಾರಿ ಕೆಲಸಕ್ಕೆ ಅವರನ್ನ ನಂಬೋಕಾಗಲ್ಲ. ಅದಕ್ಕೆ ನಾನೇ ಕೂತು ತಿದ್ತಿದೀನಿ ಅನ್ನಿ."

ಇದನ್ನು ಮೆತ್ತಗೆ ಮಾಡಿ ಹೇಳಬಹುದಿತ್ತು. ಎಷ್ಟೋ ಸಲ ಹಾಗೆ ಮಾಡಿದ್ದೆ. ಅವತ್ತು ಮನಸ್ಸು ಬರಲಿಲ್ಲ. ಒಂದಕ್ಷರ ಬಿಡದೆ, ಅವರ ನಗುವಿನ ಸಮೇತ ಜರ್ಮನ್‌ನಲ್ಲಿ ಹೇಳಿದೆ.

ಆ ಕಡೆಯಿಂದ ಸಂಪಾದಕಿ ಅಜ್ಜಿಯ ದನಿ, ಬಲು ಶಾಂತ: "ಪದ ಇರಲಿ. ಪಕ್ಕದಲ್ಲಿ ಉದಾಹರಣೆಗೆ ಒಂದು ವಾಕ್ಯ ಬೇಕಲ್ಲ? ಅವರು ಈಗ ಹೇಳಿದ್ದನ್ನೇ ಹಾಕಿ. ಇದಕ್ಕಿಂತ ಸ್ಪಷ್ಟವಾದದ್ದು ನಮಗೆ ಸಿಗೋದಿಲ್ಲ. ಇನ್ನು ಮೇಲೆ ಜರ್ಮನ್ ಪಟ್ಟಿಯ ಲೀಡ್ ನೀವೇ ಅಂತ ನಿಮ್ಮ ಕಂಪನಿಗೆ ಇವತ್ತೇ ಬರೀತೀನಿ."

ಫೋನ್ ಇಟ್ಟಾಯಿತು. ಮ್ಯಾನೇಜರ್ ಕಾತರದಿಂದ, "ಏನಂದ್ರು?" ಅಂದರು.

"ಇನ್ಮೇಲೆ ನಾನೇ ಲೀಡ್ ಅಂತೆ ಸಾರ್. ಮತ್ತೆ ನೀವು ಹೇಳಿದ ವಾಕ್ಯ ತುಂಬಾ ಸ್ಪಷ್ಟವಾಗಿದೆಯಂತೆ, ನಿಘಂಟಿನಲ್ಲಿ ಉದಾಹರಣೆಗೆ ಹಾಕೋಕೆ ಹೇಳಿದ್ರು."

ಮೊದಲನೆಯದು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಮುಖ ಅರಳಿಹೋಯಿತು. ಯಾವ ಪದಕ್ಕೆ ಅಂತಲೂ ಕೇಳಲಿಲ್ಲ. "ನನ್ನ ವಾಕ್ಯ? ಜರ್ಮನ್ ನಿಘಂಟಲ್ಲಿ? ಅಲ್ರೀ, ಕೆಳಗಡೆ ನನ್ನ ಹೆಸರೂ ಹಾಕ್ತಾರಾ?"

"ಹೆಸರ್ಯಾಕೆ ಸಾರ್," ಅಂದೆ, "ಮೇಲ್ಗಡೆ ಪದಾನೇ ಇರುತ್ತಲ್ಲ."